ಹೊರದೇಶದ ರೆಸಿಪಿ ಕೈಗೆ ಬಂದಾಗ: ಪದದೊಳಗಿನ ಹದ ಹಿಡಿಯುವ ಬಗೆ

‘ಈರುಳ್ಳಿಯನ್ನು 8 ನಿಮಿಷ ಸ್ವೆಟ್ ಮಾಡಿ.’ ಇಟಲಿಯ ಒಂದು ಸಾಸ್ ಮಾಡೋಣ ಅಂತ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಂತರೆ, ಮೊದಲ ಸಾಲೇ ಹೀಗಿರುತ್ತದೆ. ಪದವನ್ನು ಹಾಗೇ ಕನ್ನಡಕ್ಕೆ ತಂದರೆ ‘ಈರುಳ್ಳಿಯನ್ನು ಬೆವರಿಸಿ’ ಅಂತಾಗುತ್ತದೆ. ಈರುಳ್ಳಿ ಬೆವರುವುದು ಅಂದರೇನು? ಉರಿ ದೊಡ್ಡದಿರಬೇಕಾ, ಸಣ್ಣದಿರಬೇಕಾ? ಕೆಂಪಾಗಬೇಕಾ, ಬೇಡವಾ?

ಉತ್ತರ ನಿಮಗೆ ಗೊತ್ತಿರುವುದೇ. ಸಣ್ಣ ಉರಿಯಲ್ಲಿ, ಸ್ವಲ್ಪ ಎಣ್ಣೆಯಲ್ಲಿ, ಚಿಟಿಕೆ ಉಪ್ಪು ಉದುರಿಸಿ ಈರುಳ್ಳಿ ಬಾಡಿಸುವುದು. ಅಷ್ಟೇ. ದಿನಾ ಮಾಡುವ ಕೆಲಸವೇ ಬೇರೆ ಹೆಸರಿನಲ್ಲಿ ಬಂದಾಗ ನಾವು ಗಾಬರಿಯಾಗುತ್ತೇವೆ. ಎಷ್ಟೋ ಜನ ಅಲ್ಲಿಗೇ ರೆಸಿಪಿ ಮುಚ್ಚಿಬಿಡುತ್ತಾರೆ. ನನಗೆ ಬೇಸರವಾಗುವುದು ಅದಕ್ಕೇ.

ಅಡುಗೆಯ ಪದಕ್ಕೆ ನಿಘಂಟಿನ ಅರ್ಥ ಹುಡುಕಬೇಡಿ. ಮೂರು ಪ್ರಶ್ನೆ ಕೇಳಿ. ಉರಿ ಎಷ್ಟು? ಬಾಣಲೆಯಲ್ಲಿ ಏನು ಕಾಣಬೇಕು, ಏನು ಕೇಳಬೇಕು? ಯಾವಾಗ ನಿಲ್ಲಿಸಬೇಕು? ಈ ಮೂರೂ ಗೊತ್ತಾದರೆ ಆ ಪದದ ಹದ ಸಿಕ್ಕಿದಂತೆ. ಇನ್ನು ಒಂದೊಂದೇ ಹೆಜ್ಜೆ ನೋಡೋಣ.

ಮೊದಲು, ರೆಸಿಪಿ ಯಾವ ದೇಶದ್ದು ನೋಡಿ

ಒಲೆ ಹಚ್ಚುವ ಮೊದಲು ರೆಸಿಪಿಯನ್ನು ಪೂರ್ತಿ ಓದಿ. ಬರೆದವರು ಎಲ್ಲಿಯವರು ಅನ್ನುವುದನ್ನೂ ಪತ್ತೆ ಮಾಡಿ. ಇಂಗ್ಲಿಷಿನಲ್ಲೇ ಬರೆದಿದ್ದರೂ ಅಮೆರಿಕದ ಪದ ಬೇರೆ, ಇಂಗ್ಲೆಂಡಿನದು ಬೇರೆ, ಆಸ್ಟ್ರೇಲಿಯಾದ ಚಮಚವೂ ಬೇರೆ.

ಇದನ್ನು ನಾನು ಕಲಿತದ್ದು ಕಾರ್ನ್‌ಫ್ಲೋರ್‌ನಿಂದ. ಮೊದಲ ಸಲ ಮೆಕ್ಸಿಕೋದ ಟೋರ್ಟಿಯಾ ಮಾಡಲು ಹೊರಟಾಗ ಅಂಗಡಿಯಿಂದ ಬಿಳಿ ಕಾರ್ನ್‌ಫ್ಲೋರ್ ತಂದೆ. ನೀರು ಹಾಕಿ ಕಲಸಿದೆ. ಮುಷ್ಟಿಯಲ್ಲಿ ಒತ್ತಿದರೆ ಕಲ್ಲಿನಂತೆ ಗಟ್ಟಿ, ಕೈ ಸಡಿಲ ಬಿಟ್ಟರೆ ಬೆರಳ ಸಂದಿಯಿಂದ ಹಾಲಿನಂತೆ ಇಳಿದುಹೋಗುತ್ತಿತ್ತು. ಒಂದು ಗಂಟೆ ಗುದ್ದಾಡಿದರೂ ಒಂದು ರೊಟ್ಟಿ ಏಳಲಿಲ್ಲ. ನಮ್ಮಲ್ಲಿ ಮತ್ತು ಇಂಗ್ಲೆಂಡಿನಲ್ಲಿ ಕಾರ್ನ್‌ಫ್ಲೋರ್ ಅಂದರೆ ಮೆಕ್ಕೆಜೋಳದಿಂದ ತೆಗೆದ ಬರೀ ಪಿಷ್ಟ. ಅಮೆರಿಕದವರು ಅದಕ್ಕೆ ಕಾರ್ನ್‌ಸ್ಟಾರ್ಚ್ ಅನ್ನುತ್ತಾರೆ. ಅವರು ಕಾರ್ನ್‌ಫ್ಲೋರ್ ಅಂದರೆ ಇಡೀ ಕಾಳನ್ನು ಬೀಸಿದ ಹಿಟ್ಟು.

ಟೋರ್ಟಿಯಾಕ್ಕೆ ಇವೆರಡೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಮಾಸಾ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ರುಬ್ಬಿದ ಹಿಟ್ಟು ಅದು. ಹಾಗೆ ಬೇಯಿಸಿದ ಕಾಳಿಗೆ ನಿಕ್ಸ್ಟಮಾಲ್ ಎಂದು ಹೆಸರು. ಇದು ಅಲ್ಲಿನ ನಾವಾಟ್ಲ್ ಭಾಷೆಯ ಪದ, ಅದರೊಳಗೆ ‘ಬೂದಿ’ ಅನ್ನುವ ಮಾತಿದೆ. ಸುಣ್ಣ ತಾಗಿದರೆ ಮಾತ್ರ ಹಿಟ್ಟು ಅಂಟಿಕೊಂಡು ರೊಟ್ಟಿಯಾಗುತ್ತದೆ. ಮೆಕ್ಕೆಜೋಳದಲ್ಲಿ ಬಿಗಿದುಕೊಂಡಿರುವ ನಿಯಾಸಿನ್ ಎಂಬ ವಿಟಮಿನ್ ಕೂಡ ಆಗಲೇ ದೇಹಕ್ಕೆ ಸಿಗುವಂತಾಗುತ್ತದೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಈ ಸುಣ್ಣದ ಪಾಠ ಒಯ್ಯಲಿಲ್ಲ. ಬರೀ ಮೆಕ್ಕೆಜೋಳವನ್ನೇ ತಿಂದು ಬದುಕಿದ ಬಡವರಿಗೆ ಅಲ್ಲಿ ನಿಯಾಸಿನ್ ಕೊರತೆಯಿಂದ ಪೆಲ್ಲಾಗ್ರಾ ರೋಗ ಬಂತು. ಒಂದು ಅಡುಗೆ ಪದವನ್ನು ಪೂರ್ತಿ ಓದದಿದ್ದರೆ ಎಷ್ಟು ದೂರ ಹೋಗುತ್ತದೆ ನೋಡಿ.

ಅದೇ ಟೋರ್ಟಿಯಾ ಸ್ಪೇನಿನ ರೆಸಿಪಿಯಲ್ಲಿ ಬಂದರೆ ಆಲೂಗೆಡ್ಡೆ ಹಾಕಿದ ದಪ್ಪ ಆಮ್ಲೆಟ್. ಆಂಟ್ರೇ ಅಂದರೆ ಫ್ರಾನ್ಸಿನಲ್ಲಿ ಊಟದ ಮೊದಲ ತಟ್ಟೆ, ಅಮೆರಿಕದಲ್ಲಿ ಮುಖ್ಯ ತಟ್ಟೆ. ಅಮೆರಿಕದ ಬ್ರಾಯ್ಲ್ ಮತ್ತು ಇಂಗ್ಲೆಂಡಿನ ಗ್ರಿಲ್ ಎರಡೂ ಒಂದೇ, ಮೇಲಿನಿಂದ ಜೋರು ಶಾಖ ಕೊಡುವುದು. ಆಲ್ ಪರ್ಪಸ್ ಫ್ಲೋರ್, ಪ್ಲೇನ್ ಫ್ಲೋರ್ ಎರಡಕ್ಕೂ ನಮ್ಮ ಮೈದಾ ಸಾಕು. ಬೈಕಾರ್ಬನೇಟ್ ಆಫ್ ಸೋಡಾ ಅಂದರೆ ಅಡುಗೆ ಸೋಡಾ, ಬೇಕಿಂಗ್ ಪೌಡರ್ ಅಲ್ಲ.

ಅಳತೆಯಲ್ಲೂ ಮೋಸಹೋಗಬೇಡಿ. ಅಮೆರಿಕದ ಕಪ್ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದ್ದು 250. ಟೇಬಲ್ ಚಮಚ ಬಹಳ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ‘ಒಂದು ಸ್ಟಿಕ್ ಬೆಣ್ಣೆ’ ಅಂದರೆ 113 ಗ್ರಾಂ. ಓವನ್ 350 ಡಿಗ್ರಿ ಅಂತಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಓಟಿಜಿ ಓವನ್ನಿನಲ್ಲಿ 175ರಿಂದ 180 ಸೆಲ್ಸಿಯಸ್‌ಗೆ ಇಡಿ. ಇನ್ನು ಕ್ರೀಮ್. ನಮ್ಮಲ್ಲಿ ಸುಲಭವಾಗಿ ಸಿಗುವ ಪೊಟ್ಟಣದ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಸುಮಾರು 25% ಕೊಬ್ಬು ಇರುತ್ತದೆ. ಅಮೆರಿಕದ ಹೆವಿ ಕ್ರೀಮ್‌ನಲ್ಲಿ ಕನಿಷ್ಠ 36%. ಹಾಗಾಗಿ ನಮ್ಮದನ್ನು ಎಷ್ಟು ಕಡೆದರೂ ಮೇಲೇಳುವುದಿಲ್ಲ. ಅದು ನಿಮ್ಮ ಕೈಯ ತಪ್ಪಲ್ಲ.

ಎಲ್ಲಾ ಹೆಚ್ಚಿಟ್ಟುಕೊಳ್ಳಿ

ಫ್ರೆಂಚರ ಮೀಜ಼್ ಆ ಪ್ಲಾಸ್ ಎಂಬ ಮಾತಿಗೆ ‘ಜಾಗದಲ್ಲಿ ಇಟ್ಟದ್ದು’ ಎಂದು ಅರ್ಥ. ಒಲೆ ಹಚ್ಚುವ ಮೊದಲೇ ಎಲ್ಲ ತೊಳೆದು, ಹೆಚ್ಚಿ, ಅಳೆದು ಬಟ್ಟಲಲ್ಲಿ ಇಟ್ಟುಕೊಳ್ಳುವುದು. ಹಬ್ಬದ ದಿನ ನಮ್ಮ ಮನೆಗಳಲ್ಲಿ ಮಾಡುವುದೂ ಇದನ್ನೇ. ಹೊಸ ರೆಸಿಪಿಗೆ ಇದು ಬೇಕೇ ಬೇಕು, ಯಾಕೆಂದರೆ ಬೆಳ್ಳುಳ್ಳಿ ಸುಲಿಯುವಷ್ಟರಲ್ಲಿ ಬೆಣ್ಣೆ ಸೀದುಹೋಗುತ್ತದೆ.

ಹೆಚ್ಚುವ ಪದಗಳು ಹತ್ತಾರಿವೆ, ಮೂರು ಗೊತ್ತಿದ್ದರೆ ಸಾಕು. ಜೂಲಿಯೆನ್ ಅಂದರೆ ಬೆಂಕಿಕಡ್ಡಿಯಂತೆ ಉದ್ದಕ್ಕೆ, ತೆಳ್ಳಗೆ. ಆ ಕಡ್ಡಿಗಳನ್ನೇ ಅಡ್ಡ ಹೆಚ್ಚಿದರೆ ಬ್ರುನ್ವಾಜ಼್, ಸುಮಾರು 3 ಮಿ.ಮೀ.ನ ಚೌಕ. ಶಿಫನಾಡ್ ಅಂದರೆ ಎಲೆಗಳನ್ನು ಒಂದರ ಮೇಲೊಂದು ಇಟ್ಟು ಬೀಡಿಯಂತೆ ಸುತ್ತಿ ಎಳೆ ಎಳೆಯಾಗಿ ಹೆಚ್ಚುವುದು. ಒಂದೇ ಗಾತ್ರಕ್ಕೆ ಹೆಚ್ಚಿದರೆ ಎಲ್ಲ ಒಟ್ಟಿಗೆ ಬೇಯುತ್ತದೆ, ಅದಕ್ಕೇ ಇಷ್ಟೆಲ್ಲ ಹೆಸರು.

ಎಣ್ಣೆಯಲ್ಲಿ ಈರುಳ್ಳಿ: ಇಲ್ಲಿ ಅವಸರ ಬೇಡ

ಅರ್ಧ ಪ್ರಪಂಚದ ಅಡುಗೆ ಶುರುವಾಗುವುದೇ ಎಣ್ಣೆ ಮತ್ತು ಈರುಳ್ಳಿಯಿಂದ. ಇಲ್ಲಿ ಬರುವ ಮೂರು ಪದಗಳನ್ನು ಬಿಡಿಸಿ ನೋಡಿ.

ಸ್ವೆಟ್: ಉರಿ ಸಣ್ಣದು. ಚೊರ್ ಅನ್ನುವ ಸದ್ದು ಮೆಲ್ಲಗೆ ಕೇಳಬೇಕು. ಈರುಳ್ಳಿ ನೀರು ಬಿಟ್ಟು, ಮೆತ್ತಗಾಗಿ, ಗಾಜಿನಂತೆ ಹೊಳೆಯಬೇಕು. ಬಣ್ಣ ಬರಬಾರದು. ಅಂಚು ಕೆಂಪಾಯಿತು ಅಂದರೆ ಉರಿ ಜಾಸ್ತಿಯಾಯಿತು ಅಂತ.

ಸಾಟೇ: ಇದು ಫ್ರೆಂಚಿನ ‘ನೆಗೆ’ ಎನ್ನುವ ಪದದಿಂದ ಬಂದದ್ದು. ಉರಿ ದೊಡ್ಡದು, ಎಣ್ಣೆ ಕಡಿಮೆ. ಬಾಣಲೆಯನ್ನು ಕುಲುಕಿದಾಗ ತರಕಾರಿ ನೆಗೆದು ಮಗುಚಿಕೊಳ್ಳಬೇಕು. ಸದ್ದು ಜೋರಾಗಿರಬೇಕು. ಬಾಣಲೆ ತುಂಬ ತರಕಾರಿ ಸುರಿದರೆ ನೀರು ಬಿಟ್ಟು ಬೆಂದುಬಿಡುತ್ತದೆ. ಅದಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ. ಚೀನೀ ವೋಕ್‌ನಲ್ಲಿ ಹುರಿಯುವುದೂ ಇದೇ ದಾರಿ, ಉರಿ ಇನ್ನೂ ಜೋರು. ಅಲ್ಲಿ ಬರುವ ಹೊಗೆಯ ಘಮಕ್ಕೆ ಕ್ಯಾಂಟನ್ ಕಡೆಯವರು ವೋಕ್ ಹೇ, ಅಂದರೆ ವೋಕ್‌ನ ಉಸಿರು, ಅನ್ನುತ್ತಾರೆ. ಎಷ್ಟು ಒಳ್ಳೆಯ ಮಾತು ಅಲ್ವಾ?

ಕ್ಯಾರಮಲೈಸ್: ಸಣ್ಣ ಉರಿಯಲ್ಲಿ ಈರುಳ್ಳಿಯನ್ನು ಕಂದುಬಣ್ಣಕ್ಕೆ, ಜಾಮ್‌ನಂತೆ ಆಗುವವರೆಗೆ ತಿರುವುವುದು. ಬಹಳ ರೆಸಿಪಿಗಳು ‘10 ನಿಮಿಷ’ ಅಂತ ಬರೆಯುತ್ತವೆ. ನಂಬಬೇಡಿ. ಮುಕ್ಕಾಲು ಗಂಟೆ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ಈಗ ದೇಶಕ್ಕೊಂದು ಬುನಾದಿ. ಇಟಲಿಯ ಸೊಫ್ರಿತ್ತೊ ಅಂದರೆ ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ಸಣ್ಣಗೆ ಕೊಚ್ಚಿ ಆಲಿವ್ ಎಣ್ಣೆಯಲ್ಲಿ ನಿಧಾನ ಬಾಡಿಸಿದ್ದು. ಅದೇ ಮೂರನ್ನು ಫ್ರೆಂಚರು ಮೀರ್‌ಪ್ವಾ ಅನ್ನುತ್ತಾರೆ. ಅವರ ಲೆಕ್ಕ ತೂಕದಲ್ಲಿ ಈರುಳ್ಳಿ ಎರಡು ಪಾಲು, ಕ್ಯಾರೆಟ್ ಒಂದು, ಸೆಲರಿ ಒಂದು. ಸ್ಪೇನಿನ ಸೊಫ್ರಿತೊದಲ್ಲಿ ಟೊಮೆಟೊ, ಬೆಳ್ಳುಳ್ಳಿ ಸೇರುತ್ತವೆ. ಅಮೆರಿಕದ ಲೂಯಿಸಿಯಾನದಲ್ಲಿ ಕ್ಯಾರೆಟ್ ಬದಲು ದಪ್ಪಮೆಣಸಿನಕಾಯಿ. ಹೆಸರು ಹತ್ತಿರ ಹತ್ತಿರ, ರುಚಿ ದೂರ ದೂರ.

ಒಂದು ಮಾತು ನೆನಪಿಡಿ. ನಮ್ಮ ಒಗ್ಗರಣೆ ಅರ್ಧ ನಿಮಿಷದ ಕೆಲಸ, ಕಾದ ಎಣ್ಣೆಗೆ ಸಾಸಿವೆ ಬಿದ್ದು ಚಟಪಟ ಅಂದರೆ ಮುಗಿಯಿತು. ಅದೇ ಅಭ್ಯಾಸದಲ್ಲಿ ಸೊಫ್ರಿತ್ತೊವನ್ನು ಕಾದ ಎಣ್ಣೆಗೆ ಸುರಿದರೆ ಕೆಡುತ್ತದೆ. ಎಣ್ಣೆ ಬೆಚ್ಚಗಾಗುವಾಗಲೇ ತರಕಾರಿ ಹಾಕಿ, 15 ನಿಮಿಷ ಬಿಡಿ. ಕ್ಯಾರೆಟ್‌ನ ಬಣ್ಣ ಎಣ್ಣೆಗೆ ಇಳಿದು, ಎಣ್ಣೆಯೇ ತೆಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಕಂಡರೆ ಹದ ಬಂತು.

ನೀರಿನ ಪದಗಳು

ಬಾಯ್ಲ್ ಅಂದರೆ ಕೊತಕೊತ ಕುದಿಯುವುದು. ಸಿಮ್ಮರ್ ಅಂದರೆ ಉರಿ ತಗ್ಗಿಸಿ, ಅಂಚಿನಲ್ಲಿ ಒಂದೊಂದೇ ಗುಳ್ಳೆ ಏಳುವ ಹಾಗೆ ಇಡುವುದು. ಪೋಚ್ ಅಂದರೆ ನೀರು ಬಿಸಿಯಿದ್ದು, ಗುಳ್ಳೆಯೇ ಏಳದಷ್ಟು ಮೆತ್ತಗಿನ ಶಾಖ, 70ರಿಂದ 80 ಡಿಗ್ರಿ. ಮೊಟ್ಟೆ, ಮೀನು, ಪಿಯರ್ ಹಣ್ಣಿನಂಥ ನಾಜೂಕು ಪದಾರ್ಥಕ್ಕೆ ಇದು. ಬ್ಲಾಂಚ್ ಅಂದರೆ ಕುದಿಯುವ ನೀರಿಗೆ ಹಾಕಿ, ಒಂದೆರಡು ನಿಮಿಷಕ್ಕೆ ತೆಗೆದು, ಐಸ್ ನೀರಿಗೆ ಬಿಡುವುದು. ಹುರುಳಿಕಾಯಿ ಹಸಿರಾಗೇ ಉಳಿಯುತ್ತದೆ. ಐಸ್ ನೀರು ಮೊದಲೇ ಸಿದ್ಧವಿರಲಿ.

ಇನ್ನು ಅಲ್ ದೆಂತೆ. ಈ ಪದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಬಹಳ ಮನೆಗಳಲ್ಲಿ ಪಾಸ್ತಾವನ್ನು ಅನ್ನದಂತೆ ಮೆತ್ತಗೆ ಬೇಯಿಸಿ ಕೆಡಿಸುತ್ತೇವೆ. ಇಟಾಲಿಯನ್ನಿನಲ್ಲಿ ಇದಕ್ಕೆ ‘ಹಲ್ಲಿಗೆ’ ಎಂದು ಅರ್ಥ. ಹಲ್ಲಿಗೆ ಸಿಗಬೇಕು, ಹಸಿ ಇರಬಾರದು.

ಮಾಡುವುದು ಹೀಗೆ. 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನೀರು ಕೊತಕೊತ ಕುದಿಯುವಾಗ ಪಾಸ್ತಾ ಹಾಕಿ. ಎಣ್ಣೆ ಬೇಡ, ಎಣ್ಣೆ ಹಾಕಿದರೆ ಸಾಸ್ ಹಿಡಿಯುವುದಿಲ್ಲ. ಪೊಟ್ಟಣದ ಮೇಲೆ 10 ನಿಮಿಷ ಅಂತಿದ್ದರೆ 8ಕ್ಕೇ ಒಂದನ್ನು ತೆಗೆದು ಕಚ್ಚಿ, ಕಚ್ಚಿದ ಜಾಗ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಅದೇ ಸಮಯ. ಒಂದು ಲೋಟ ಗಂಜಿನೀರು ತೆಗೆದಿಟ್ಟು ಬಸಿಯಿರಿ. ತಣ್ಣೀರಿನಲ್ಲಿ ತೊಳೆಯಬೇಡಿ. ಸಾಸ್ ಇರುವ ಬಾಣಲೆಗೆ ಹಾಕಿ, ಆ ಗಂಜಿನೀರು ಸ್ವಲ್ಪ ಬಿಟ್ಟು ಒಂದೆರಡು ನಿಮಿಷ ತಿರುವಿ. ಚುಕ್ಕೆ ಅಲ್ಲಿ ಮಾಯವಾಗುತ್ತದೆ.

ಬೆಂಗಳೂರಿನವರಿಗೆ ಒಂದು ಮಾತು. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ನೀರು 100ಕ್ಕೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ 8 ನಿಮಿಷಕ್ಕೆ ಬಂದ ಹದ ಬೆಂಗಳೂರಿನಲ್ಲಿ ಸ್ವಲ್ಪ ತಡವಾಗಿ ಬರಬಹುದು. ಗಡಿಯಾರ ಬಿಡಿ, ಕಚ್ಚಿ ನೋಡಿ.

ರಿಸೊತ್ತೊ ಎಂಬ ಇಟಲಿಯ ಅನ್ನದ ಅಡುಗೆಯಲ್ಲಿ ಅಲ್ಲ್ ಓಂದಾ ಅಂತ ಬಂದರೆ ‘ಅಲೆಯಂತೆ’ ಎಂದು. ತಟ್ಟೆ ಓರೆ ಮಾಡಿದರೆ ಅನ್ನ ಅಲೆಯಂತೆ ಮೆಲ್ಲಗೆ ಜಾರಬೇಕು. ಬಿಸಿಬೇಳೆಬಾತ್ ಬಡಿಸುವ ಹೊತ್ತಿನ ಹರಿವು ಕಣ್ಣಮುಂದೆ ತಂದುಕೊಳ್ಳಿ. ಆದರೆ ಅಗುಳು ಮಾತ್ರ ಹಲ್ಲಿಗೆ ಸಿಗಬೇಕು.

ಗಟ್ಟಿ ಮಾಡುವುದು

ರಾಗಿ ಗಂಜಿ ಮಾಡುವಾಗ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ಆಮೇಲೆ ಕುದಿಯುವ ನೀರಿಗೆ ಬಿಡುತ್ತೇವೆ, ಗಂಟಾಗದಿರಲಿ ಅಂತ. ರೆಸಿಪಿಯಲ್ಲಿ ಸ್ಲರಿ ಅಂತ ಕಂಡರೆ ಇದೇ. ಕಾರ್ನ್‌ಫ್ಲೋರ್‌ಗೂ ಹೀಗೇ ಮಾಡಿ.

ರೂ ಎನ್ನುವುದು ಇನ್ನೊಂದು ದಾರಿ. ಹಿಟ್ಟನ್ನು ನೀರಿನ ಬದಲು ಬೆಣ್ಣೆಯಲ್ಲಿ ಬಿಡಿಸುವುದು. ಒಂದೊಂದು ಕಣಕ್ಕೂ ಜಿಡ್ಡು ಹತ್ತಿರುವುದರಿಂದ ಹಾಲು ಬಿದ್ದಾಗ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಬೆಶಾಮೆಲ್, ಅಂದರೆ ವೈಟ್ ಸಾಸ್, ಇದರಿಂದಲೇ ಆಗುತ್ತದೆ.

30 ಗ್ರಾಂ ಬೆಣ್ಣೆ ಕರಗಿಸಿ, 30 ಗ್ರಾಂ ಮೈದಾ ಹಾಕಿ. ತೂಕದಲ್ಲಿ ಸಮ, ಚಮಚದಲ್ಲಿ ಅಲ್ಲ. ಸಣ್ಣ ಉರಿಯಲ್ಲಿ ತಿರುವುತ್ತಿರಿ. ಮೊದಲು ಹಸಿ ಹಿಟ್ಟಿನ ವಾಸನೆ ಬರುತ್ತದೆ. ಎರಡು ನಿಮಿಷದ ಹೊತ್ತಿಗೆ ಸಣ್ಣ ನೊರೆ ಎದ್ದು, ಬಿಸ್ಕತ್ತಿನ ಘಮ ಬರುತ್ತದೆ. ಆಗ ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಮೊದಲ ಸೌಟು ಹಾಲಿಗೆ ಅದು ಚಪಾತಿ ಹಿಟ್ಟಿನಂತೆ ಮುದ್ದೆಯಾಗುತ್ತದೆ. ಹೆದರಬೇಡಿ. ನಾನು ಮೊದಲ ಸಲ ಅಲ್ಲೇ ಹೆದರಿ ಉಳಿದ ಹಾಲನ್ನೆಲ್ಲ ಒಮ್ಮೆಗೇ ಸುರಿದೆ, ಗೋಲಿ ಗಾತ್ರದ ಗಂಟುಗಳಾದವು. ಮುದ್ದೆ ನುಣ್ಣಗಾಗುವವರೆಗೆ ತಿರುವಿ, ಆಮೇಲೆ ಇನ್ನೊಂದು ಸೌಟು. ಮೂರನೇ ಸೌಟಿನ ಹೊತ್ತಿಗೆ ಸಡಿಲವಾಗುತ್ತದೆ. ಎಲ್ಲ ಹಾಲು ಸೇರಿದ ಮೇಲೆ ಸಣ್ಣ ಕುದಿ ಬರಿಸಿ. ಸೌಟಿನ ಬೆನ್ನನ್ನು ಅದ್ದಿ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಆಯಿತು. ಈ ಹದಕ್ಕೆ ಫ್ರೆಂಚರಲ್ಲಿ ನಾಪೇ ಎಂದು ಹೆಸರು.

ರೂ ಬಿಳಿ ಇರಬಹುದು, ಹೊಂಬಣ್ಣ ಇರಬಹುದು, ಲೂಯಿಸಿಯಾನದ ಗಂಬೋ ಎಂಬ ಗಟ್ಟಿ ಸಾರಿನಲ್ಲಿ ಚಾಕೊಲೇಟ್ ಬಣ್ಣದವರೆಗೂ ಹೋಗಬಹುದು. ಬಣ್ಣ ಏರಿದಷ್ಟೂ ರುಚಿ ಗಾಢ, ಗಟ್ಟಿ ಮಾಡುವ ಶಕ್ತಿ ಕಡಿಮೆ.

ಒಂದೇ ಪದ, ಮೂರು ಕೆಲಸ

ಟೆಂಪರ್. ಭಾರತದ ಅಡುಗೆಯನ್ನು ಇಂಗ್ಲಿಷಿನಲ್ಲಿ ಬರೆದಾಗ ಇದು ಒಗ್ಗರಣೆ. ಕಸ್ಟರ್ಡ್ ರೆಸಿಪಿಯಲ್ಲಿ ಬಂದರೆ, ಕಡೆದ ಮೊಟ್ಟೆಗೆ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಮೊಟ್ಟೆ ಒಡೆಯದಂತೆ ಬೆಚ್ಚಗೆ ಮಾಡುವುದು. ಚಾಕೊಲೇಟ್‌ನಲ್ಲಿ ಬಂದರೆ ಕರಗಿಸಿ, ತಣಿಸಿ, ಮತ್ತೆ ತುಸು ಕಾಯಿಸುವುದು. ಡಾರ್ಕ್ ಚಾಕೊಲೇಟ್‌ಗೆ ಕೊನೆಯ ಶಾಖ 31ರಿಂದ 32 ಡಿಗ್ರಿ. ಆಗ ಅದು ಹೊಳೆಯುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಹಾಗಾಗಿ ಪದ ಗುರುತಿದೆ ಅಂತ ಮುಂದೆ ಹೋಗಬೇಡಿ, ಪಕ್ಕದಲ್ಲಿ ಏನಿದೆ ನೋಡಿ.

ಸಕ್ಕರೆ ಪಾಕದ ಪದಗಳಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. ಥ್ರೆಡ್ ಸ್ಟೇಜ್ ಅಂದರೆ ಎಳೆ ಪಾಕ, 106ರಿಂದ 112 ಡಿಗ್ರಿ. ಸಾಫ್ಟ್ ಬಾಲ್ ಅಂದರೆ ಮೆತ್ತಗಿನ ಉಂಡೆ ಪಾಕ, 112ರಿಂದ 116. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡುವ ನಮ್ಮ ಅಜ್ಜಿಯರ ಪರೀಕ್ಷೆಯನ್ನೇ ಪಶ್ಚಿಮದ ಮಿಠಾಯಿ ಮಾಡುವವರೂ ಮಾಡುತ್ತಾರೆ, ‘ಬಾಲ್’ ಎಂಬ ಹೆಸರು ಬಂದದ್ದೇ ಅದರಿಂದ. ಥರ್ಮಾಮೀಟರ್ ಇಟ್ಟುಕೊಂಡವರು ಮೊದಲು ಅದನ್ನು ಕುದಿಯುವ ನೀರಿಗೆ ಹಾಕಿ ನೋಡಿ. 97 ತೋರಿಸಿದರೆ ರೆಸಿಪಿಯ ಪ್ರತಿ ಅಂಕಿಯಿಂದ 3 ಡಿಗ್ರಿ ಕಳೆಯಿರಿ.

ಸಸ್ಯಾಹಾರಿಗಳು ನಿಂತು ಓದಬೇಕಾದ ಪದಗಳು

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೂ ಪದದೊಳಗೆ ಇರಬಹುದು.

ಜಪಾನಿನ ದಾಶಿ ಅಲ್ಲಿನ ಸಾರುಗಳ ತಳಹದಿ. ಸಾಮಾನ್ಯವಾಗಿ ಕೊಂಬು ಎಂಬ ಕಡಲ ಸಸ್ಯ ಮತ್ತು ಒಣಗಿಸಿ ಹೆರೆದ ಮೀನು, ಕತ್ಸುಒಬುಶಿ, ಸೇರಿಸಿ ಮಾಡುತ್ತಾರೆ. ಹಾಗಾಗಿ ಮಿಸೊ ಸೂಪ್ ನೋಡಲು ಬೇಳೆ ಸಾರಿನಂತಿದ್ದರೂ ಅದರಲ್ಲಿ ಮೀನಿರುವುದೇ ಹೆಚ್ಚು. ಮನೆಯಲ್ಲಿ ಮಾಡುವವರಿಗೆ ದಾರಿ ಇದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಹಾಕಿ ಅರ್ಧ ಗಂಟೆ ನೆನೆಸಿ, ನಿಧಾನ ಕಾಯಿಸಿ, ಕುದಿ ಬರುವ ಮೊದಲೇ ತೆಗೆಯಿರಿ. ಒಣ ಶಿಟಾಕೆ ಅಣಬೆ ನೆನೆಸಿದ ನೀರು ಸೇರಿಸಿ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ದಾಶಿ ಮಾಡುವುದು ಹೀಗೇ. ರುಚಿಗೂ ಕಡಿಮೆಯಿಲ್ಲ. 1908ರಲ್ಲಿ ಕಿಕುನೆ ಇಕೆದಾ ಎಂಬ ವಿಜ್ಞಾನಿ ಈ ಕೊಂಬುವಿನಿಂದಲೇ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು.

ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ವುಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಥಾಯ್ ಕರಿ ಪೇಸ್ಟ್‌ನಲ್ಲಿ ಸಿಗಡಿ, ಕಿಮ್ಚಿಯಲ್ಲಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸಿಗಡಿ. ಪನ್ನಾ ಕೊತ್ತಾ, ಮಾರ್ಷ್‌ಮ್ಯಾಲೋಗಳಂಥ ಸಿಹಿಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್. ಲಾರ್ಡ್ ಅಂದರೆ ಹಂದಿ ಕೊಬ್ಬು. ಈಗ ಇವುಗಳಲ್ಲಿ ಬಹಳಷ್ಟಕ್ಕೆ ಸಸ್ಯಾಹಾರಿ ಬದಲಿ ಸಿಗುತ್ತದೆ. ನಮ್ಮ ದೇಶದ ಪೊಟ್ಟಣದಲ್ಲಿ ಹಸಿರು ಚುಕ್ಕೆ ನೋಡಿ. ಹೊರದೇಶದಲ್ಲಿದ್ದರೆ ಹಿಂಬದಿಯ ಪಟ್ಟಿ ಓದಿ. ಹೋಟೆಲಿನಲ್ಲಿ ‘ವೆಜ್ ಇದೆಯಾ’ ಅಂತ ಕೇಳಿದರೆ ಸಾಲದು, ‘ಸ್ಟಾಕ್ (ಸಾರಿಗೆ ಹಾಕುವ ಬೇಯಿಸಿ ಬಸಿದ ರಸ) ಯಾವುದರದ್ದು’ ಅಂತ ಕೇಳಿ.

ಕೊನೆಗೆ, ಓವನ್ನಿನ ಒಂದು ಪದ

ಫೋಲ್ಡ್. ಕೇಕ್ ಕೆಡುವುದು ಬಹಳ ಸಲ ಇಲ್ಲೇ. ಕಡೆದು ಉಬ್ಬಿಸಿದ ಮೊಟ್ಟೆಗೋ ಕ್ರೀಮಿಗೋ ಹಿಟ್ಟು ಸೇರಿಸುವಾಗ ಗರಗರ ತಿರುಗಿಸಬಾರದು. ಚಪ್ಪಟೆ ಚಮಚವನ್ನು ನಡುವೆ ಇಳಿಸಿ, ತಳದಿಂದ ಎತ್ತಿ, ಮೇಲಕ್ಕೆ ಮಗುಚಿ, ಪಾತ್ರೆ ಸ್ವಲ್ಪ ತಿರುಗಿಸಿ. ಬೆಳಗ್ಗೆ ಉಬ್ಬಿದ ಇಡ್ಲಿ ಹಿಟ್ಟನ್ನು ನಾವು ಹೇಗೆ ಮೆಲ್ಲಗೆ ತೆಗೆಯುತ್ತೇವೋ ಹಾಗೆ. ಒಳಗಿನ ಗಾಳಿ ಹೋಗಬಾರದು.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಟೊಮೆಟೊ ಪಾಸ್ತಾದಿಂದ ಅನ್ನುತ್ತೇನೆ. ಸ್ವೆಟ್, ಸಿಮ್ಮರ್, ಅಲ್ ದೆಂತೆ, ಮೂರೂ ಒಂದೇ ಸಂಜೆಯಲ್ಲಿ ಕೈಗೆ ಬರುತ್ತವೆ. ಒಂದು ಹಳೆ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ಪದ, ಬಲಕ್ಕೆ ನೀವು ಕಂಡದ್ದು, ನಿಮ್ಮ ಮಾತಿನಲ್ಲಿ. ನನ್ನದರ ಮೊದಲ ಪುಟದಲ್ಲಿ ಎಣ್ಣೆ ಕಲೆಯ ಪಕ್ಕ ಹೀಗಿದೆ: ‘ಸ್ವೆಟ್ — ಸಣ್ಣ ಉರಿ, ಉಪ್ಪು, ಗಾಜಿನ ಹಾಗೆ. ಕೆಂಪಾಗುವ ಮುಂಚೆ ಇಳಿಸು.’